ಇಂಜಿನ್ ಬದಲಿಸಿದ ಜೀಪ್ ಘಟ್ಟದಲ್ಲಿ ಹೀಟ್ ಆಗುತ್ತೆ, ದೊಡ್ಡ ರೇಡಿಯೇಟರ್ ಹಾಕಿಸಬೇಕಾ?

ಪ್ರಶ್ನೆ: ನಮ್ಮದು ಹಳೆಯ ಪೆಟ್ರೋಲ್ ಜೀಪ್. ಅದಕ್ಕೆ ಮಹೀಂದ್ರದ 2.5 ಲೀಟರ್ ಡೀಸೆಲ್ ಇಂಜಿನ್ ಕೂರಿಸಿದ್ದೇವೆ. ಬಯಲಿನಲ್ಲಿ ತೊಂದರೆ ಇಲ್ಲ. ಚಾರ್ಮಾಡಿ ಹತ್ತುವಾಗ ಮುಳ್ಳು ಕೆಂಪಿಗೆ ಹೋಗುತ್ತೆ. ಮೆಕ್ಯಾನಿಕ್ ದೊಡ್ಡ ರೇಡಿಯೇಟರ್ ಹಾಕಿಸಿ ಅಂತಾರೆ. ಹಾಕಿಸಬೇಕಾ?

ಉತ್ತರ: ಈಗಲೇ ಬೇಡ. ಇಂಜಿನ್ ಬದಲಿಸಿದ ಗಾಡಿಯಲ್ಲಿ ಎಡವಟ್ಟು ಆಗುವುದು ಹೆಚ್ಚಾಗಿ ಹೊಸ ಇಂಜಿನ್ನೂ ಹಳೆ ಗಾಡಿಯೂ ಸೇರುವ ಜಾಗದಲ್ಲಿ. ಅದನ್ನು ಸರಿಮಾಡದೆ ರೇಡಿಯೇಟರ್ ಬದಲಿಸಿದರೆ ಸುಮ್ನೆ ದುಡ್ಡು ದಂಡ.

ಮೊದಲು ಮುಳ್ಳು ನಿಜ ಹೇಳ್ತಿದೆಯಾ ನೋಡಿ. ಗೇಜ್ ಹಳೆ ಜೀಪಿನದು, ಸೆನ್ಸರ್ ಡೀಸೆಲ್ ಇಂಜಿನ್ನಿನದು ಆಗಿದ್ದರೆ ಒಂದಕ್ಕೊಂದು ತಾಳೆಯಾಗದೇ ಇರಬಹುದು. ಆಗ 90 ಡಿಗ್ರಿಯಲ್ಲೇ ಮುಳ್ಳು ಕೆಂಪು ತೋರಿಸಬಹುದು. ಘಟ್ಟದ ಮಧ್ಯೆ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಪಕ್ಕದ ಕಪ್ಪು ಹೋಸ್ ಪೈಪಿಗೆ ಹಿಡಿಯಿರಿ. ಹೊಳೆಯುವ ಲೋಹಕ್ಕೆ ಹಿಡಿದರೆ ತಪ್ಪು ಲೆಕ್ಕ ತೋರಿಸುತ್ತೆ.

ಬಿಸಿ ನಿಜವೇ ಅಂತಾದರೆ ಯಾವಾಗ ಏರುತ್ತೆ ಅನ್ನೋದು ಮುಖ್ಯ. ನಿಂತಲ್ಲೇ ಏರಿದರೆ ಗಾಳಿ ಸಾಲದು. ಬಯಲು ರಸ್ತೆಯ ವೇಗದಲ್ಲಿ ಏರಿದರೆ ನೀರಿನ ಓಡಾಟ ಸಾಲದು, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡಿದೆ. ಘಟ್ಟದಲ್ಲಿ ಇಂಜಿನ್ ಮೇಲೆ ಪೂರ್ತಿ ಭಾರ, ಗಾಡಿ ಮಾತ್ರ ಎರಡನೇ ಗೇರಿನ ವೇಗದಲ್ಲಿ. ಎದುರಿನ ಗಾಳಿ ಸಿಗುವುದಿಲ್ಲ, ಕೆಲಸವೆಲ್ಲ ಫ್ಯಾನಿನದೇ. ಹಾಗಾಗಿ ನನ್ನ ಅನುಮಾನ ಮೊದಲು ಹೋಗುವುದು ಫ್ಯಾನಿನ ಮೇಲೆ.

ಜಾಗ ಸಾಲದೆ ಇಂಜಿನ್ನಿನ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ದಾರಾ? ವೈರ್ ಅದಲುಬದಲಾದರೆ ಅದು ಉಲ್ಟಾ ತಿರುಗುತ್ತೆ. ಫ್ಯಾನ್ ಓಡುವಾಗ ಗ್ರಿಲ್ ಮುಂದೆ ಒಂದು ಹಾಳೆ ಹಿಡಿಯಿರಿ. ಒಳಕ್ಕೆ ಎಳೆದುಕೊಳ್ಳಬೇಕು, ಹೊರಕ್ಕೆ ತಳ್ಳಬಾರದು. ಶ್ರೌಡ್, ಅಂದರೆ ರೇಡಿಯೇಟರಿಗೂ ಫ್ಯಾನಿಗೂ ನಡುವೆ ಗಾಳಿ ಸೋರದಂತೆ ಸುತ್ತುವ ಕವಚ, ಇಲ್ಲದಿದ್ದರೆ ಇವತ್ತೇ ತಗಡಿನಲ್ಲಿ ಮಾಡಿಸಿ. ಅದಿಲ್ಲದ ಫ್ಯಾನ್ ತನ್ನ ಎದುರಿನ ಒಂದಿಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತೆ, ರೇಡಿಯೇಟರಿನ ಮೂಲೆಗಳು ಹಾಗೇ ಬಿಸಿಯಾಗಿ ಉಳಿಯುತ್ತವೆ. ಇಂಜಿನ್ನಿನದೇ ಫ್ಯಾನ್ ಇದ್ದರೆ ಅದರ ರೆಕ್ಕೆ ಸುಮಾರು ಅರ್ಧ ಶ್ರೌಡಿನ ಒಳಗಿರಲಿ.

ಎರಡನೆಯ ಅನುಮಾನ ಒಳಗೆ ಸಿಕ್ಕಿಕೊಂಡ ಗಾಳಿ. ಹೊಸ ಇಂಜಿನ್ನಿನ ತಲೆ ರೇಡಿಯೇಟರಿನ ಮುಚ್ಚಳಕ್ಕಿಂತ ಎತ್ತರದಲ್ಲಿದ್ದರೆ ನೀರು ತುಂಬುವಾಗ ಗಾಳಿ ಮೇಲೆ ಉಳಿದುಬಿಡುತ್ತೆ. ನೀರು ಮುಟ್ಟದ ಆ ಜಾಗವೇ ಮೊದಲು ಕಾಯುವುದು. ಎಲ್ಲಕ್ಕಿಂತ ಎತ್ತರದಲ್ಲಿ, ಬಿಸಿಗೆ ಹಿಗ್ಗಿದ ನೀರಿಗೆ ಜಾಗ ಕೊಡುವ ಒಂದು ಎಕ್ಸ್‌ಪಾನ್ಷನ್ ಟ್ಯಾಂಕ್ ಕೂರಿಸಿ, ಅಲ್ಲಿಂದಲೇ ತುಂಬಿ. ಜೀಪಿನ ಮೂತಿ ಏರಿನ ಕಡೆ ಇರುವ ಹಾಗೆ ನಿಲ್ಲಿಸಿ ತುಂಬಿದರೆ ಗಾಳಿ ಸುಲಭವಾಗಿ ಹೊರಬರುತ್ತೆ.

ಕೆಳಗಿನ ಹೋಸ್ ಪೈಪನ್ನೂ ನೋಡಿ. ರೇಸ್ ಕೊಟ್ಟಾಗ ಚಪ್ಪಟೆಯಾದರೆ ಒಳಗೆ ಸ್ಪ್ರಿಂಗ್ ಇರುವ ಪೈಪ್ ಬೇಕು.

ಹೀಟ್ ಆಗುತ್ತೆ ಅಂತ ಥರ್ಮೋಸ್ಟಾಟ್ ಕಿತ್ತು ಎಸೆಯುವ ಅಭ್ಯಾಸ ನಮ್ಮಲ್ಲಿ ಇದೆ ಅಲ್ವಾ, ದಯವಿಟ್ಟು ಬೇಡ. ಕೆಲವು ಇಂಜಿನ್‌ಗಳಲ್ಲಿ ಅದೇ ಬೈಪಾಸ್ ದಾರಿಯನ್ನು (ರೇಡಿಯೇಟರ್ ಬಿಟ್ಟು ನೀರು ಇಂಜಿನ್ನಿಗೇ ವಾಪಸ್ ಹೋಗುವ ಅಡ್ಡದಾರಿ) ಮುಚ್ಚುವುದು. ಕಿತ್ತರೆ ಬಿಸಿ ನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತೆ.

ರೇಡಿಯೇಟರಿನ ಮುಚ್ಚಳವೂ ಸರಿಯಾಗಿ ಒತ್ತಡ ಹಿಡಿಯಬೇಕು. 0.9 ಬಾರ್ ಮುಚ್ಚಳದ ಕೆಳಗೆ ನೀರು ಕುದಿಯುವುದು ಸುಮಾರು 118 ಡಿಗ್ರಿಗೆ. ಅದಕ್ಕೇ ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ, ಒತ್ತಡ ಒಮ್ಮೆಲೇ ಇಳಿದು ಕುದಿವ ನೀರು ಮುಖಕ್ಕೇ ಚಿಮ್ಮುತ್ತೆ.

ಇಂಜಿನ್ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಒಳಗಿನ ಗಾಳಿ ಹೋದ ಮೇಲೂ ಗುಳ್ಳೆ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಜಾಸ್ತಿ. ಆಗ ಯಾವ ರೇಡಿಯೇಟರೂ ಉಳಿಸುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಘಟ್ಟದಲ್ಲಿ ಮಾತ್ರ ಏರುತ್ತಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆಗಲೂ ಮೊದಲು ಹಳೆ ರೇಡಿಯೇಟರನ್ನೇ ಬಿಚ್ಚಿಸಿ ಒಳಗೆ ಕ್ಲೀನ್ ಮಾಡಿಸಿ. ಸಾಲದಿದ್ದರೆ ಅದೇ ಚೌಕಟ್ಟಿಗೆ ಒಂದು ಸಾಲು ಕೊಳವೆ ಹೆಚ್ಚಿರುವ ಕೋರ್ (ರೇಡಿಯೇಟರಿನ ಮಧ್ಯದ ಜಾಲರಿ ಭಾಗ) ಕಟ್ಟಿಸಿ.