ಅಡಿಕೆಗೆ ಹೋದ ಕುರ್ಚಿಗಳು

ಯುದ್ಧ ಸೋತ ನಾಯಕರು ಕುರ್ಚಿಯಲ್ಲಿ ಉಳಿದಿದ್ದಾರೆ. ಖಜಾನೆ ಬರಿದು ಮಾಡಿದವರು ಮತ್ತೆ ಗೆದ್ದು ಬಂದಿದ್ದಾರೆ. ಆದರೆ ಒಂದು ಬಾಟಲಿ ವೈನ್, ಟಿ.ವಿ.ಯಲ್ಲಿ ಮಾಡಿದ ಅಡುಗೆ, ಕೈಗೇ ಬಾರದ ಸಂಬಳ ಇಂಥವುಗಳಿಗೆ ಪ್ರಧಾನಿಗಳೂ ಮುಖ್ಯಮಂತ್ರಿಗಳೂ ಮನೆ ಸೇರಿದ್ದಾರೆ. ಪ್ರತಿ ಸಲವೂ ಕೇಳಿಬರುವುದು ಎರಡೇ ಮಾತು. ಅಭಿಮಾನಿಗಳು ‘ಇಷ್ಟಕ್ಕೇ ತಲೆದಂಡವೇ?’ ಎನ್ನುತ್ತಾರೆ, ವಿರೋಧಿಗಳು ‘ಸಣ್ಣದರಲ್ಲೇ ಹೀಗಾದರೆ ದೊಡ್ಡದರಲ್ಲಿ ಇನ್ನು ಹೇಗೋ’ ಎನ್ನುತ್ತಾರೆ. ಎರಡೂ ನ್ಯಾಯವಾದ ಮಾತುಗಳೇ. ಆದರೆ ಉತ್ತರವನ್ನು ಹಗರಣದ ಒಳಗೆ ಹುಡುಕಿದರೆ ಸಿಗುವುದಿಲ್ಲ. ಹಗರಣ ಹೊರಬಿದ್ದ ವಾರದಲ್ಲಿ ಆ ನಾಯಕರ ಸುತ್ತ ಯಾರು ನಿಂತಿದ್ದರು, ಯಾರು ಅದಾಗಲೇ ಜಾಗ ಖಾಲಿ ಮಾಡಿದ್ದರು ಎಂಬುದನ್ನು ನೋಡಬೇಕು.

ಇತಿಹಾಸ ಹಳೆಯದೇ. 1785ರಲ್ಲಿ ಫ್ರಾನ್ಸಿನ ರಾಣಿ ತಾನು ಕೊಳ್ಳದ ವಜ್ರದ ಹಾರವೊಂದರ ಹೆಸರಿನಲ್ಲಿ ಮಾನ ಕಳೆದುಕೊಂಡಳು. 1958ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಬಲಗೈ ಎನಿಸಿದ್ದ ಶೆರ್ಮನ್ ಆಡಮ್ಸ್, ಉದ್ಯಮಿಯೊಬ್ಬ ಕೊಟ್ಟ ಕೋಟಿನ ದೆಸೆಯಿಂದ ಹುದ್ದೆ ಬಿಟ್ಟರು. 1963ರಲ್ಲಿ ಬ್ರಿಟನ್ನಿನ ಸಚಿವ ಪ್ರೊಫ್ಯೂಮೊ ಸಂಸತ್ತಿನಲ್ಲಿ ಆಡಿದ ಸುಳ್ಳಿಗೆ ಹೋದರು. 1972ರ ವಾಟರ್‌ಗೇಟ್ ಕಟ್ಟಡದ ಕನ್ನವನ್ನು ಶ್ವೇತಭವನದ ವಕ್ತಾರರು ‘ಮೂರನೇ ದರ್ಜೆಯ ಕಳ್ಳತನ’ ಎಂದು ತಳ್ಳಿಹಾಕಿದ್ದರು. ಎರಡು ವರ್ಷಗಳಲ್ಲಿ ಅಧ್ಯಕ್ಷ ನಿಕ್ಸನ್ ಅವರೇ ಹೋದರು. ಅಂದಿನಿಂದ ‘ತಪ್ಪಿಗಿಂತ ಅದನ್ನು ಮುಚ್ಚಿಹಾಕಿದ್ದೇ ಮುಳುವಾಯಿತು’ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಸೂತ್ರ ಅಚ್ಚುಕಟ್ಟಾಗಿದೆ, ಆದರೆ ಸಾಲದು. ಮುಚ್ಚಿಹಾಕಿ ದಕ್ಕಿಸಿಕೊಂಡವರು ಬೇಕಾದಷ್ಟಿದ್ದಾರೆ. ಏನನ್ನೂ ಮುಚ್ಚಿಡದೆ ಬಿದ್ದವರೂ ಇದ್ದಾರೆ.

ಈ ಗಂಟು ಬಿಡಿಸಲು ಅತ್ಯುತ್ತಮ ಕಡತ ಸಿಗುವುದು ಅಲಹಾಬಾದ್ ಹೈಕೋರ್ಟಿನಲ್ಲಿ. 1971ರ ಲೋಕಸಭಾ ಚುನಾವಣೆಯಲ್ಲಿ ರಾಯ್‌ಬರೇಲಿಯಿಂದ ಇಂದಿರಾ ಗಾಂಧಿ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದಿದ್ದರು. ಸೋತ ಸಮಾಜವಾದಿ ನಾಯಕ ರಾಜ್ ನಾರಾಯಣ್ ಚುನಾವಣಾ ತಕರಾರು ಅರ್ಜಿ ಹಾಕಿದರು. ಹಣ ಹಂಚಿಕೆ, ಕಂಬಳಿ ಹಂಚಿಕೆ, ಮಿತಿ ಮೀರಿದ ಖರ್ಚು ಎಂದು ಆರೋಪಗಳ ಪಟ್ಟಿ ಉದ್ದವಿತ್ತು. 1975ರ ಜೂನ್ 12ರಂದು ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ತೀರ್ಪು ಓದಿದಾಗ ದೊಡ್ಡ ಆರೋಪಗಳೆಲ್ಲ ಬಿದ್ದುಹೋಗಿದ್ದವು. ನಿಂತದ್ದು ಎರಡೇ. ಉತ್ತರ ಪ್ರದೇಶದ ಅಧಿಕಾರಿಗಳಿಂದ ಪ್ರಚಾರ ಸಭೆಗಳಿಗೆ ವೇದಿಕೆ ಕಟ್ಟಿಸಿ, ಧ್ವನಿವರ್ಧಕಕ್ಕೆ ವಿದ್ಯುತ್ ಕೊಡಿಸಿಕೊಂಡದ್ದು ಒಂದು. ಯಶಪಾಲ್ ಕಪೂರ್ ಎಂಬ ಸರ್ಕಾರಿ ಅಧಿಕಾರಿಯನ್ನು ಚುನಾವಣಾ ಕೆಲಸಕ್ಕೆ ಬಳಸಿಕೊಂಡದ್ದು ಇನ್ನೊಂದು.

ಎರಡನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಪ್ರಧಾನಿಯ ಭವಿಷ್ಯ ನಿಂತದ್ದು ಹದಿನೈದಿಪ್ಪತ್ತು ದಿನಗಳ ಲೆಕ್ಕದ ಮೇಲೆ. ಕಪೂರ್ ಪ್ರಧಾನಿ ಸಚಿವಾಲಯದಲ್ಲಿ ವಿಶೇಷಾಧಿಕಾರಿ. 1971ರ ಜನವರಿ 7ರಂದು ಅವರು ರಾಯ್‌ಬರೇಲಿ ಕ್ಷೇತ್ರದಲ್ಲಿ ಭಾಷಣ ಮಾಡಿದ್ದರು ಎಂಬುದು ಕೋರ್ಟಿಗೆ ಮನವರಿಕೆಯಾಯಿತು. ಅವರ ರಾಜೀನಾಮೆ ಪತ್ರದ ದಿನಾಂಕ ಜನವರಿ 13. ಅದು 14ರಿಂದಲೇ ಜಾರಿಗೆ ಬರುವಂತೆ ಅಂಗೀಕೃತವಾಗಿದೆ ಎಂಬ ಅಧಿಸೂಚನೆ ಹೊರಬಿದ್ದದ್ದು 25ಕ್ಕೆ. ನಡುವಿನ ದಿನಗಳಲ್ಲಿ ಅವರು ಸರ್ಕಾರಿ ನೌಕರರೋ ಅಲ್ಲವೋ? ಪ್ರಧಾನಿಯ ಕಾರ್ಯದರ್ಶಿಯಾಗಿದ್ದ ಪಿ.ಎನ್. ಹಕ್ಸರ್ ಸಾಕ್ಷಿಕಟ್ಟೆಗೆ ಬಂದು, ರಾಜೀನಾಮೆಯನ್ನು ತಾನು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದಾಗಿ ಹೇಳಿದರು. ಸರ್ಕಾರಿ ಕೆಲಸದಲ್ಲಿ ಬಾಯಿಮಾತಿನ ಅಂಗೀಕಾರಕ್ಕೆ ಬೆಲೆಯಿಲ್ಲ ಎಂದಿತು ಕೋರ್ಟ್.

ಇನ್ನೊಂದು ತೊಡಕು ದಿನಾಂಕದ್ದೇ. ಇಂದಿರಾ ಅಭ್ಯರ್ಥಿಯಾದದ್ದು ಯಾವಾಗ? ನಾಮಪತ್ರ ಸಲ್ಲಿಸಿದ ಫೆಬ್ರುವರಿ 1ರಂದು ಎಂದು ಅವರ ಪರ ವಕೀಲರ ವಾದ. 1970ರ ಡಿಸೆಂಬರ್ 29ರ ಪತ್ರಿಕಾಗೋಷ್ಠಿಯಲ್ಲಿ ‘ಕ್ಷೇತ್ರ ಬದಲಿಸುತ್ತೀರಾ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದರಲ್ಲ, ಆ ಕ್ಷಣವೇ ಅವರು ರಾಯ್‌ಬರೇಲಿಯ ಅಭ್ಯರ್ಥಿಯಾದರು ಎಂದು ನ್ಯಾಯಮೂರ್ತಿಗಳು ತೀರ್ಮಾನಿಸಿದರು. ಆ ಒಂದು ‘ಇಲ್ಲ’ ಎಂಬ ಉತ್ತರ ಇಲ್ಲದಿದ್ದರೆ ಕಪೂರ್ ಭಾಷಣ ಕಾನೂನಿನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಆಯ್ಕೆ ರದ್ದಾಯಿತು, ಆರು ವರ್ಷ ಅನರ್ಹತೆ ಬಿತ್ತು. ಸಂಚಾರ ನಿಯಮ ಮುರಿದದ್ದಕ್ಕೆ ಪ್ರಧಾನಿಯನ್ನು ಕಿತ್ತುಹಾಕಿದಂತಾಯಿತು ಎಂದು ಆಗ ಮಾಡಿದ ಹೋಲಿಕೆಯನ್ನು ಇಂದಿಗೂ ಉದ್ಧರಿಸುವವರಿದ್ದಾರೆ. ಆದರೆ ಅದೇ ಹೊತ್ತಿಗೆ ಹೊರಗೆ ಏನಾಗುತ್ತಿತ್ತು ಎಂಬುದನ್ನು ಆ ಹೋಲಿಕೆ ಬದಿಗೆ ಸರಿಸುತ್ತದೆ. ಬೆಲೆಯೇರಿಕೆ, 1974ರ ರೈಲ್ವೆ ಮುಷ್ಕರ, ಬಿಹಾರದಲ್ಲಿ ಜಯಪ್ರಕಾಶ್ ನಾರಾಯಣ್ ಚಳವಳಿ, ಅದೇ ವಾರ ಬಂದ ಗುಜರಾತ್ ವಿಧಾನಸಭೆಯ ಸೋಲು. ವೇದಿಕೆಯ ಹಲಗೆಗಳ ಲೆಕ್ಕ 1971ರ ಗೆಲುವಿನ ಬಿಸಿಯಲ್ಲೇ ಹೊರಬಿದ್ದಿದ್ದರೆ ಬೀದಿಗಿಳಿಯುವವರು ಯಾರಿದ್ದರು?

ಹಾಗೆ ನೋಡಿದರೆ ಆ ತೀರ್ಪು ಅವರನ್ನು ಕೆಳಗಿಳಿಸಲೂ ಇಲ್ಲ. ಜೂನ್ 18ರಂದು ಕಾಂಗ್ರೆಸ್ ಸಂಸದೀಯ ಪಕ್ಷ ಅವರ ನಾಯಕತ್ವ ಅನಿವಾರ್ಯ ಎಂದು ನಿರ್ಣಯಿಸಿತು. 24ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು: ಪ್ರಧಾನಿಯಾಗಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ. ಆಗಸ್ಟ್‌ನಲ್ಲಿ ಚುನಾವಣಾ ಕಾನೂನನ್ನೇ ಹಿಂದಿನ ದಿನಾಂಕಕ್ಕೆ ಅನ್ವಯವಾಗುವಂತೆ ತಿದ್ದಲಾಯಿತು. ಯಾವಾಗಿನಿಂದ ಅಭ್ಯರ್ಥಿ, ಯಾವಾಗ ರಾಜೀನಾಮೆ ಜಾರಿ ಎಂಬೆರಡೂ ಪ್ರಶ್ನೆಗಳು ಆ ತಿದ್ದುಪಡಿಯಲ್ಲಿ ಕರಗಿದವು. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಅವರ ಆಯ್ಕೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಜನ ಅವರನ್ನು ಸೋಲಿಸಿದ್ದು ವೇದಿಕೆಗಾಗಿ ಅಲ್ಲ, ಆ ಇಪ್ಪತ್ತೊಂದು ತಿಂಗಳಿಗಾಗಿ.

ಅಲಹಾಬಾದಿನ ಸೂಕ್ಷ್ಮ ತಕ್ಕಡಿ ನಂತರ ಬೇರೆ ದೇಶಗಳಲ್ಲೂ ಕಾಣಿಸಿಕೊಂಡಿತು. ಥಾಯ್ಲೆಂಡಿನ ಸಮಕ್ ಸುಂದರವೇಜ್ ಅಡುಗೆಪ್ರಿಯರು. ರಾಜಕಾರಣದ ಜೊತೆಗೆ ವರ್ಷಗಳಿಂದ ಟಿ.ವಿ.ಯಲ್ಲಿ ಅಡುಗೆ ಕಾರ್ಯಕ್ರಮ ನಡೆಸುತ್ತಿದ್ದರು. 2008ರಲ್ಲಿ ಪ್ರಧಾನಿಯಾದ ಮೇಲೂ ಕೆಲವು ಸಲ ಒಲೆಯ ಮುಂದೆ ನಿಂತರು. ಪ್ರಧಾನಿ ಖಾಸಗಿ ಸಂಸ್ಥೆಯ ನೌಕರನಾಗಿರಬಾರದು ಎನ್ನುತ್ತದೆ ಅಲ್ಲಿನ ಸಂವಿಧಾನ. ತಾನು ಪಡೆದದ್ದು ಪ್ರಯಾಣ ಮತ್ತು ಸಾಮಗ್ರಿಯ ಖರ್ಚು ಮಾತ್ರ ಎಂದು ಸಮಕ್ ವಾದಿಸಿದರು. ಸಾಂವಿಧಾನಿಕ ನ್ಯಾಯಾಲಯ ನಿಘಂಟು ತೆರೆದು, ‘ನೌಕರ’ ಎಂಬುದಕ್ಕೆ ವಿಶಾಲ ಅರ್ಥ ಹಿಡಿದು, ಸೆಪ್ಟೆಂಬರ್ 9ರಂದು ಒಮ್ಮತದಿಂದ ಅವರನ್ನು ವಜಾ ಮಾಡಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಹಾಸ್ಯಪ್ರಸಂಗ. ಆದರೆ ತೀರ್ಪಿಗೆ ಎರಡು ವಾರ ಮೊದಲೇ ಪ್ರತಿಭಟನಕಾರರು ಸರ್ಕಾರಿ ಭವನಕ್ಕೆ ನುಗ್ಗಿ ಕೂತಿದ್ದರು. ಪ್ರಧಾನಿ ತಮ್ಮ ಕಚೇರಿಗೇ ಹೋಗುವಂತಿರಲಿಲ್ಲ. ತೀರ್ಪು ಅವರನ್ನು ಮತ್ತೆ ಪ್ರಧಾನಿಯಾಗದಂತೆ ತಡೆದಿರಲೂ ಇಲ್ಲ. ಪಕ್ಷ ಅವರ ಹೆಸರನ್ನೇ ಮತ್ತೆ ಸೂಚಿಸಿತು. ಮತದಾನಕ್ಕೆಂದು ಸೆಪ್ಟೆಂಬರ್ 12ರಂದು ಸಂಸತ್ತು ಸೇರಿದಾಗ ಕೋರಂ ಇರಲಿಲ್ಲ: ಮಿತ್ರಪಕ್ಷದವರಷ್ಟೇ ಅಲ್ಲ, ಸ್ವಂತ ಪಕ್ಷದ ಹಲವರೂ ಬಂದಿರಲಿಲ್ಲ. ಅಡುಗೆ ಕಾರ್ಯಕ್ರಮ ಅವರನ್ನು ಮೂರು ದಿನ ಹೊರಗಿಟ್ಟಿತು, ಅಷ್ಟೆ. ಉಳಿದದ್ದನ್ನು ಖಾಲಿ ಆಸನಗಳು ಮಾಡಿದವು.

ಪಾಕಿಸ್ತಾನದ್ದು ಇನ್ನೂ ವಿಚಿತ್ರ. 2016ರಲ್ಲಿ, ವಿದೇಶಿ ಕಂಪನಿಗಳ ಗುಟ್ಟಿನ ಕಡತಗಳಾದ ಪನಾಮಾ ದಾಖಲೆಗಳು ಬಯಲಾದಾಗ ಎದ್ದ ಪ್ರಶ್ನೆ, ಪ್ರಧಾನಿ ನವಾಜ್ ಷರೀಫ್ ಕುಟುಂಬದ ಲಂಡನ್ ಫ್ಲ್ಯಾಟುಗಳಿಗೆ ದುಡ್ಡು ಎಲ್ಲಿಂದ ಬಂತು ಎಂಬುದು. 2017ರ ಜುಲೈ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅವರನ್ನು ಅನರ್ಹಗೊಳಿಸಿದ್ದು ಮಾತ್ರ ಬೇರೆಯದೇ ಕಾರಣಕ್ಕೆ: ಮಗನ ದುಬೈ ಕಂಪನಿಯ ಅಧ್ಯಕ್ಷರಾಗಿ ತಿಂಗಳಿಗೆ 10,000 ದಿರ್ಹಮ್ ಸಂಬಳಕ್ಕೆ ಅವರು ಹಕ್ಕುದಾರರಾಗಿದ್ದರು, ಆ ಬಾಕಿಯನ್ನು ನಾಮಪತ್ರದಲ್ಲಿ ಆಸ್ತಿ ಎಂದು ತೋರಿಸಿರಲಿಲ್ಲ. ಸಂಬಳ ಪಡೆದೇ ಇಲ್ಲ ಎಂಬ ಉತ್ತರ ನಡೆಯಲಿಲ್ಲ. ಇಲ್ಲೂ ನಿಘಂಟು ಹೊರಬಂತು. ಬರಬೇಕಾದ ಹಣವೂ ಆಸ್ತಿಯೇ ಎಂದಾಯಿತು. ಫ್ಲ್ಯಾಟುಗಳ ಪ್ರಶ್ನೆಯನ್ನು ಕೆಳಗಿನ ನ್ಯಾಯಾಲಯಕ್ಕೆ ದಾಟಿಸಲಾಯಿತು.

ಸಣ್ಣ ಹಗರಣದ ನಿಜವಾದ ಬಲ ಇದೇ. ಅದನ್ನು ಸಾಬೀತು ಮಾಡುವುದು ಸುಲಭ. ಹತ್ತು ದೇಶಗಳ ಕಂಪನಿಗಳ ನಡುವೆ ಹರಿದ ಹಣದ ಜಾಡು ಹಿಡಿಯಲು ವರ್ಷಗಳು ಬೇಕು. ಒಂದು ನಾಮಪತ್ರ ಮತ್ತು ಒಂದು ಸಂಬಳದ ಕರಾರನ್ನು ಪಕ್ಕಪಕ್ಕ ಇಡಲು ಅರ್ಧ ಗಂಟೆ ಸಾಕು. ಓದುಗರಿಗೂ ಅಷ್ಟೇ. ಕೋಟಿಗಳ ಗುತ್ತಿಗೆಯ ಒಳಸುಳಿ ಅರ್ಥವಾಗುವುದಿಲ್ಲ, ಚಾಕೊಲೇಟ್ ಅರ್ಥವಾಗುತ್ತದೆ. 1995ರಲ್ಲಿ ಸ್ವೀಡನ್ನಿನ ಉಪಪ್ರಧಾನಿ ಮೋನಾ ಸಾಲಿನ್ ಸರ್ಕಾರಿ ಕಾರ್ಡಿನಲ್ಲಿ ಮಾಡಿದ ಖಾಸಗಿ ಖರ್ಚು ಸುಮಾರು 53,000 ಕ್ರೋನರ್. ಬಾಡಿಗೆ ಕಾರು, ಬಟ್ಟೆ ಎಲ್ಲ ಸೇರಿ. ಜನರ ನೆನಪಿನಲ್ಲಿ ಉಳಿದದ್ದು ಎರಡು ಟೋಬ್ಲೆರೋನ್ ಚಾಕೊಲೇಟ್. ಹಣವನ್ನು ಅವರು ಹಿಂದಿರುಗಿಸಿದ್ದರು, ಪ್ರಾಸಿಕ್ಯೂಟರ್ ಮೊಕದ್ದಮೆ ಹೂಡಲಿಲ್ಲ. ಆದರೆ ಪ್ರಧಾನಿಯಾಗುವ ಹಾದಿ ಅಷ್ಟರಲ್ಲಿ ಮುಚ್ಚಿತ್ತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಮುಖ್ಯಸ್ಥ ಬ್ಯಾರಿ ಒ’ಫ್ಯಾರೆಲ್ ಅವರದು ಒಂದೇ ದಿನದ ಕಥೆ. ಉಡುಗೊರೆಯಾಗಿ ಬಂತೆನ್ನಲಾದ ಸುಮಾರು 3,000 ಡಾಲರಿನ ವೈನ್ ಬಾಟಲಿ ತನಗೆ ನೆನಪಿಲ್ಲ ಎಂದು 2014ರ ಏಪ್ರಿಲ್ 15ರಂದು ಭ್ರಷ್ಟಾಚಾರ ವಿರೋಧಿ ಆಯೋಗದ ಮುಂದೆ ಹೇಳಿದರು. ಬಾಟಲಿಯಲ್ಲಿದ್ದದ್ದು 1959ರ ವೈನ್, ಅವರು ಹುಟ್ಟಿದ ವರ್ಷದ್ದು. ಮರುದಿನ ಅವರದೇ ಕೈಬರಹದ ಧನ್ಯವಾದ ಚೀಟಿ ಆಯೋಗದ ಮೇಜಿಗೆ ಬಂತು. ಅವರು ಅಂದೇ ರಾಜೀನಾಮೆ ಘೋಷಿಸಿದರು. ಉದ್ದೇಶಪೂರ್ವಕವಾಗಿ ದಾರಿ ತಪ್ಪಿಸಿರಲಿಲ್ಲ ಎಂದು ಆಯೋಗ ಮುಂದೆ ಹೇಳಿತು. ಚೀಟಿ ಬರೆದು ಮರೆತವರನ್ನು ಕಂಡರೆ ನನಗಂತೂ ಅಯ್ಯೋ ಎನಿಸುತ್ತದೆ. ಜರ್ಮನಿಯ ಅಧ್ಯಕ್ಷ ಕ್ರಿಸ್ಟಿಯಾನ್ ವುಲ್ಫ್ 2012ರಲ್ಲಿ ಕೆಳಗಿಳಿದರು. ಕೋರ್ಟಿನ ತನಕ ಹೋದದ್ದು ಕೊನೆಗೆ ಏಳುನೂರು ಯೂರೊ ಆಸುಪಾಸಿನ ಹೋಟೆಲ್ ಮತ್ತು ಊಟದ ಬಿಲ್ಲು. 2014ರಲ್ಲಿ ಖುಲಾಸೆಯೂ ಆಯಿತು.

ಕೋರ್ಟು, ಆಯೋಗ ಯಾವುದೂ ಬೇಕಿಲ್ಲದ ಪ್ರಕರಣಗಳು ಇನ್ನೂ ನೇರ. 1991ರ ಮಾರ್ಚ್‌ನಲ್ಲಿ ರಾಜೀವ್ ಗಾಂಧಿ ಮನೆಯ ಬಳಿ ಹರಿಯಾಣದ ಇಬ್ಬರು ಪೊಲೀಸರು ಸಿಕ್ಕಿಬಿದ್ದರು. ಬೇಹುಗಾರಿಕೆ ಎಂದು ಕಾಂಗ್ರೆಸ್ ಗದ್ದಲ ಎಬ್ಬಿಸಿತು. ಕಾಂಗ್ರೆಸ್ಸಿನ ಬಾಹ್ಯ ಬೆಂಬಲದಲ್ಲಿ, ಅರವತ್ತು ಚಿಲ್ಲರೆ ಸಂಸದರೊಂದಿಗೆ ನಾಲ್ಕು ತಿಂಗಳು ಸರ್ಕಾರ ನಡೆಸಿದ್ದ ಚಂದ್ರಶೇಖರ್ ಮಾರ್ಚ್ 6ರಂದು ರಾಜೀನಾಮೆ ಕೊಟ್ಟರು. ಆ ಪೊಲೀಸರು ಸಿಗದಿದ್ದರೆ ಇನ್ನೊಂದು ನೆಪ ಸಿಗುತ್ತಿರಲಿಲ್ಲ ಎಂದು ನಂಬುವವರು ಕಡಿಮೆ.

ಬೋರಿಸ್ ಜಾನ್ಸನ್ ಪ್ರಕರಣವಂತೂ ಪ್ರಯೋಗಾಲಯದಲ್ಲಿ ನಡೆದಂತಿದೆ. ಕೋವಿಡ್ ನಿರ್ಬಂಧದ ದಿನಗಳಲ್ಲಿ ಸಂಪುಟ ಸಭೆಯ ಕೋಣೆಯಲ್ಲಿ ನಡೆದ ಹುಟ್ಟುಹಬ್ಬದ ಕೂಟಕ್ಕೆ 2022ರ ಏಪ್ರಿಲ್‌ನಲ್ಲಿ ದಂಡ ಬಿತ್ತು; ಅಧಿಕಾರದಲ್ಲಿದ್ದಾಗಲೇ ಕಾನೂನು ಮುರಿದರೆಂದು ದಂಡ ತೆತ್ತ ಮೊದಲ ಬ್ರಿಟಿಷ್ ಪ್ರಧಾನಿ ಅವರು. ಆದರೂ ಕುರ್ಚಿ ಅಲುಗಲಿಲ್ಲ. ಜೂನ್ 6ರ ವಿಶ್ವಾಸಮತದಲ್ಲಿ ಸ್ವಂತ ಪಕ್ಷದ 148 ಸಂಸದರು ವಿರುದ್ಧ ನಿಂತರೂ 211 ಮತಗಳಿಂದ ಉಳಿದರು. ಜೂನ್ 23ರಂದು ಎರಡು ಉಪಚುನಾವಣೆಗಳನ್ನು ಪಕ್ಷ ಸೋತಿತು. ಎರಡು ವಾರಗಳಲ್ಲಿ, ಪಕ್ಷದ ಉಪ ಮುಖ್ಯ ಸಚೇತಕರ ದುರ್ವರ್ತನೆ ಪ್ರಧಾನಿಗೆ ಮೊದಲೇ ಗೊತ್ತಿತ್ತೇ ಎಂಬ ಪ್ರಶ್ನೆಯ ಮೇಲೆ ಐವತ್ತಕ್ಕೂ ಹೆಚ್ಚು ಸಚಿವರು, ಸಹಾಯಕರು ಹುದ್ದೆ ತೊರೆದರು. ಜುಲೈ 7ರಂದು ಜಾನ್ಸನ್ ರಾಜೀನಾಮೆ ಘೋಷಿಸಿದರು. ಏಪ್ರಿಲ್‌ನಲ್ಲಿ ನುಂಗಿಕೊಂಡವರಿಗೆ ಜುಲೈನಲ್ಲಿ ಆತ್ಮಸಾಕ್ಷಿ ಚುಚ್ಚಿತು. ನಡುವೆ ಬದಲಾದದ್ದು ಗೆಲ್ಲಿಸಿಕೊಡುವ ಸಾಮರ್ಥ್ಯದ ಲೆಕ್ಕಾಚಾರ.

ಇದರಲ್ಲಿ ಎಲ್ಲರಿಗೂ ಒಂದಿಷ್ಟು ಅನುಕೂಲವಿದೆ ಎಂಬುದನ್ನು ಹೇಳಲೇಬೇಕು. ಪಕ್ಷಕ್ಕೆ ನೀತಿಯ ಸೋಲನ್ನು ಒಪ್ಪಿಕೊಳ್ಳದೆ ನಾಯಕರನ್ನು ಬದಲಿಸುವ ದಾರಿ ಸಿಗುತ್ತದೆ. ವಿರೋಧಿಗಳಿಗೆ ಬಲಿ ಸಿಗುತ್ತದೆ. ಬಿದ್ದವರಿಗೂ ‘ಇಷ್ಟಕ್ಕೇ ನನ್ನನ್ನು ಕಳೆದರು’ ಎಂದು ಹೇಳಿಕೊಳ್ಳುವ ಅವಕಾಶ ಉಳಿಯುತ್ತದೆ. ಯಾರಿಗೂ ಉತ್ತರ ಸಿಗದೆ ಉಳಿಯುವುದು ಆ ದೊಡ್ಡ ಪ್ರಶ್ನೆ ಮಾತ್ರ.

‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆ ಇವರ ವಿಷಯದಲ್ಲಿ ಅಷ್ಟಾಗಿ ನಿಂತಿಲ್ಲ. 1977ರಲ್ಲಿ ಪತ್ನಿಯ ಹೆಸರಿನಲ್ಲಿ ವಾಷಿಂಗ್ಟನ್ನಿನಲ್ಲಿ ಉಳಿದಿದ್ದ ಡಾಲರ್ ಖಾತೆಗಾಗಿ ಹಿಂದೆ ಸರಿದ ಇಸ್ರೇಲಿನ ಯಿತ್ಜಾಕ್ ರಾಬಿನ್ 1992ರಲ್ಲಿ ಮತ್ತೆ ಪ್ರಧಾನಿಯಾದರು. ಅವರನ್ನು ಸಿಕ್ಕಿಸಿದ ವಿದೇಶಿ ವಿನಿಮಯ ನಿರ್ಬಂಧಗಳನ್ನು ಮುಂದಿನ ಸರ್ಕಾರ ಅದೇ ವರ್ಷ ಬಹುಮಟ್ಟಿಗೆ ಸಡಿಲಿಸಿತು. ಸಾಲಿನ್ 2007ರಲ್ಲಿ ಪಕ್ಷದ ನಾಯಕಿಯಾದರು. ಇಂದಿರಾ 1980ರಲ್ಲಿ ಮರಳಿದರು. ಷರೀಫ್ ಅವರಿಗೆ ಫ್ಲ್ಯಾಟುಗಳ ಪ್ರಕರಣದಲ್ಲಿ 2018ರಲ್ಲಿ ಆದ 10 ವರ್ಷಗಳ ಶಿಕ್ಷೆಯನ್ನು 2023ರ ನವೆಂಬರ್‌ನಲ್ಲಿ ಇಸ್ಲಾಮಾಬಾದ್ ಹೈಕೋರ್ಟ್ ರದ್ದು ಮಾಡಿತು. ಜೀವಮಾನದ ಅನರ್ಹತೆ ಸಲ್ಲದು ಎಂದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಂದಿನ ತಿಂಗಳು ಅವರು ಲಾಹೋರಿನಿಂದ ಗೆದ್ದರು. ಪ್ರಧಾನಿಯಾದದ್ದು ತಮ್ಮ ಶಹಬಾಜ್.