ಮಸ್ಕಿಯ ಖಾಲಿ ಕುರ್ಚಿ ಮತ್ತು 224ರ ಲೆಕ್ಕ

2019ರ ಜುಲೈ 28ರಿಂದ 2021ರ ಮೇ 2ರವರೆಗೆ ರಾಯಚೂರು ಜಿಲ್ಲೆಯ ಮಸ್ಕಿಗೆ ಶಾಸಕರೇ ಇರಲಿಲ್ಲ. ಒಟ್ಟು 21 ತಿಂಗಳು. ಅಷ್ಟರಲ್ಲಿ ಎರಡು ಬಜೆಟ್ ಮಂಡನೆಯಾದವು, ಕೊರೊನಾ ಬಂತು, ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಪಾಮನಕಲ್ಲೂರು ಭಾಗದ ರೈತರು ಧರಣಿ ಕೂತರು. ಆ ಧರಣಿಯ ಮಾತು ವಿಧಾನಸಭೆಯ ಕಡತಕ್ಕೆ ಹೋಗಬೇಕಾದರೆ ಬೇರೆ ಕ್ಷೇತ್ರದ ಶಾಸಕರ ಸಹಿ ಬೇಕಿತ್ತು. ಸ್ವಂತ ಕ್ಷೇತ್ರದ ಸಹಿ ಎಂಬುದೇ ಇರಲಿಲ್ಲ.

ಹೀಗಾದದ್ದು ಹೇಗೆ ಎಂಬುದು ತಿಳಿಯಬೇಕಾದ ವಿಷಯ. 2018ರ ಚುನಾವಣೆಯಲ್ಲಿ ಮಸ್ಕಿಯ ಫಲಿತಾಂಶ ನಿಂತದ್ದು ಬರೀ 213 ಮತಗಳ ಅಂತರದಲ್ಲಿ. ಸೋತವರು ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಿದರು. ಗೆದ್ದವರು ಮರುವರ್ಷ ರಾಜೀನಾಮೆ ಕೊಟ್ಟರು. ಅಂದಿನ ಸಭಾಧ್ಯಕ್ಷರು ಅವರನ್ನೂ ಸೇರಿಸಿ 17 ಮಂದಿಯನ್ನು ಪಕ್ಷಾಂತರ ನಿಷೇಧ ಕಾಯ್ದೆಯಡಿ ಅನರ್ಹಗೊಳಿಸಿದರು. ತೆರವಾದ ಸ್ಥಾನವನ್ನು 6 ತಿಂಗಳಲ್ಲಿ ತುಂಬಬೇಕೆಂಬುದು ಪ್ರಜಾಪ್ರತಿನಿಧಿ ಕಾಯ್ದೆಯ ಸಾಮಾನ್ಯ ನಿಯಮ. ಆದರೆ ತಕರಾರು ಅರ್ಜಿ ಬಾಕಿ ಇದ್ದು, ನ್ಯಾಯಾಲಯ ಸೋತವರನ್ನೇ ಗೆದ್ದವರೆಂದು ಘೋಷಿಸಿಬಿಟ್ಟರೆ ನಡುವೆ ನಡೆಸಿದ ಉಪಚುನಾವಣೆಗೆ ಅರ್ಥ ಉಳಿಯುವುದಿಲ್ಲ. ಹಾಗಾಗಿ 2019ರ ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಮತದಾನ ನಡೆದಾಗ ಮಸ್ಕಿಯನ್ನೂ ಬೆಂಗಳೂರಿನ ರಾಜರಾಜೇಶ್ವರಿನಗರವನ್ನೂ ಬದಿಗಿಟ್ಟರು. ಮಸ್ಕಿಯ ಮತದಾನ ನಡೆದದ್ದು 2021ರ ಏಪ್ರಿಲ್ 17ಕ್ಕೆ. ಯಾವ ಕಚೇರಿಯೂ ನಿಯಮ ಮುರಿಯಲಿಲ್ಲ, ಆದರೂ ಒಂದು ಕ್ಷೇತ್ರ ಎರಡು ವರ್ಷದ ಹತ್ತಿರ ಬಾಯಿಲ್ಲದೆ ಉಳಿಯಿತು.

ಖಾಲಿ ಕುರ್ಚಿ ಯಾಕೆ ಇಷ್ಟು ದುಬಾರಿ ಎಂದು ತಿಳಿಯಲು ವಿಧಾನಸಭೆ ಎಂಬ 224 ಕುರ್ಚಿಗಳ ಈ ಮನೆ ಕಟ್ಟಿಕೊಂಡ ಬಗೆಯನ್ನೂ ಅದು ನಡೆಯುವ ಬಗೆಯನ್ನೂ ನೋಡಬೇಕು.

ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳು ಈ ಸಭೆಗೆ ತಡವಾಗಿ ಬಂದವು. ಮೈಸೂರು ಸೀಮೆಯವರಿಗೆ 1881ರಲ್ಲೇ ದಿವಾನ್ ರಂಗಾಚಾರ್ಲು ಕಾಲದ ಪ್ರಜಾಪ್ರತಿನಿಧಿ ಸಭೆ ಇತ್ತು, 1907ರಿಂದ ನ್ಯಾಯವಿಧಾಯಕ ಸಭೆ ಇತ್ತು. ಬಳ್ಳಾರಿಯವರು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರು. ಸಂಡೂರು ಪ್ರತ್ಯೇಕ ಸಂಸ್ಥಾನವಾಗಿದ್ದು 1949ರಲ್ಲಿ ಮದರಾಸಿನಲ್ಲಿ ವಿಲೀನವಾಯಿತು. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. 1952ರ ಮೊದಲ ಚುನಾವಣೆಯಲ್ಲಿ ಬಳ್ಳಾರಿಯಿಂದ ಗೆದ್ದವರು 375 ಸ್ಥಾನಗಳ ಮದರಾಸು ವಿಧಾನಸಭೆಗೆ ಹೋದರೆ, ರಾಯಚೂರಿನಿಂದ ಗೆದ್ದವರು 175 ಸ್ಥಾನಗಳ ಹೈದರಾಬಾದ್ ವಿಧಾನಸಭೆಗೆ ಹೋದರು.

ಅದೇ 1952ರ ಜೂನ್ 18ರಂದು ಬೆಂಗಳೂರಿನ ಅಠಾರಾ ಕಚೇರಿಯಲ್ಲಿ, ಅಂದರೆ ಇಂದಿನ ಹೈಕೋರ್ಟ್ ಕಟ್ಟಡದಲ್ಲಿ, 99 ಚುನಾಯಿತ ಸದಸ್ಯರ ಮೈಸೂರು ವಿಧಾನಸಭೆ ಮೊದಲ ಬಾರಿ ಸೇರಿತು. ಸಭಾಧ್ಯಕ್ಷ ಸ್ಥಾನಕ್ಕೆ ಅಂದೇ ಸ್ಪರ್ಧೆ ನಡೆಯಿತು: ಎಚ್. ಸಿದ್ದಯ್ಯ ಗೆದ್ದರು, ಎದುರು ನಿಂತಿದ್ದವರು ಶಾಂತವೇರಿ ಗೋಪಾಲಗೌಡರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋಗಿ, ಬಳ್ಳಾರಿ ಜಿಲ್ಲೆಯ ಉಳಿದ 7 ತಾಲ್ಲೂಕು ಮೈಸೂರಿಗೆ ಬಂದವು. ಸಭೆಯ ಬಲ 5 ಸ್ಥಾನ ಹೆಚ್ಚಿತು. 1956ರ ನವೆಂಬರ್ 1ರಂದು ಆಲಂಪುರ, ಗದ್ವಾಲ್ ತಾಲ್ಲೂಕುಗಳನ್ನು ಕಳೆದುಕೊಂಡು ರಾಯಚೂರು ಜಿಲ್ಲೆಯೂ ಸೇರಿತು. ಮೂರು ಜಿಲ್ಲೆಯವರೂ ಒಂದೇ ಸೂರಿನಡಿ ಕೂತದ್ದು ಆ ವರ್ಷದ ಡಿಸೆಂಬರ್ 19ರಂದು, ಹೊಸದಾಗಿ ಕಟ್ಟಿದ ವಿಧಾನಸೌಧದಲ್ಲಿ. 1957ಕ್ಕೆ 208 ಸ್ಥಾನ, 1967ಕ್ಕೆ 216, 1978ಕ್ಕೆ 224. ಅಲ್ಲಿಂದ ಸಂಖ್ಯೆ ಕದಲಿಲ್ಲ. ಆಂಗ್ಲೋ ಇಂಡಿಯನ್ನರಿಗಿದ್ದ ಒಂದು ನಾಮಕರಣ ಸ್ಥಾನವೂ 2020ರ ಜನವರಿಯಲ್ಲಿ ರದ್ದಾಯಿತು.

ಸಂಖ್ಯೆ ಹಾಗೇ ಉಳಿದರೂ ಗಡಿ ಬದಲಾಗಿದೆ. 2008ರ ಪುನರ್ವಿಂಗಡಣೆಯಲ್ಲಿ ಕಲ್ಮಲಾ, ಕುರುಗೋಡು ಕ್ಷೇತ್ರಗಳು ಅಳಿಸಿಹೋಗಿ ಮಸ್ಕಿ, ಕಂಪ್ಲಿ ಹುಟ್ಟಿದವು. ಈಗ ರಾಯಚೂರಿಗೆ 7, ಕೊಪ್ಪಳಕ್ಕೆ 5, ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿಗೆ 5, ಒಟ್ಟು 17. ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಸ್ಥಾನಗಳು 15. ಅವುಗಳಲ್ಲಿ 8 ರಾಯಚೂರು, ಬಳ್ಳಾರಿ ಎರಡೇ ಜಿಲ್ಲೆಗಳಲ್ಲಿವೆ: ರಾಯಚೂರು ಗ್ರಾಮಾಂತರ, ಮಾನ್ವಿ, ದೇವದುರ್ಗ, ಮಸ್ಕಿ, ಕಂಪ್ಲಿ, ಸಿರುಗುಪ್ಪ, ಬಳ್ಳಾರಿ ಗ್ರಾಮಾಂತರ, ಸಂಡೂರು. ಒಗ್ಗಟ್ಟಾಗಿ ಸೂಚನೆ (ಸದನದಲ್ಲಿ ಚರ್ಚೆ ಕೋರುವ ಬರಹ) ಕೊಟ್ಟರೆ ಇದು ಸಣ್ಣ ಬಲವೇನಲ್ಲ.

ಇನ್ನು ಒಳಗಿನ ರಚನೆ. ಚುನಾವಣೆ ಮುಗಿದ ಮೇಲೆ ರಾಜ್ಯಪಾಲರು ಸಾಮಾನ್ಯವಾಗಿ ಹಿರಿಯ ಸದಸ್ಯರೊಬ್ಬರನ್ನು ಹಂಗಾಮಿ ಸಭಾಧ್ಯಕ್ಷರನ್ನಾಗಿ ನೇಮಿಸುತ್ತಾರೆ. ಅವರ ಎದುರು ಎಲ್ಲರೂ ಪ್ರಮಾಣವಚನ ಸ್ವೀಕರಿಸಿದ ಮೇಲೆ ಸದಸ್ಯರೇ ಸಭಾಧ್ಯಕ್ಷರನ್ನೂ ಉಪಸಭಾಧ್ಯಕ್ಷರನ್ನೂ ಆರಿಸುತ್ತಾರೆ. ಸಭಾಧ್ಯಕ್ಷರನ್ನು ಇಳಿಸಬೇಕಾದರೆ 14 ದಿನ ಮುಂಚೆ ಸೂಚನೆ ಕೊಡಬೇಕು, ಹಾಜರಿದ್ದವರ ಬಹುಮತ ಸಾಲದು, ಆಗ ಸಭೆಯಲ್ಲಿರುವ ಒಟ್ಟು ಸದಸ್ಯರ ಬಹುಮತ ಬೇಕು. ಉಳಿದ ವಿಷಯಗಳಲ್ಲಿ ಸಭಾಧ್ಯಕ್ಷರು ಮತ ಹಾಕುವುದು ಎರಡೂ ಕಡೆ ಸಮ ಬಿದ್ದಾಗ ಮಾತ್ರ. ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಕೋರಂ, ಎಂದರೆ ಹತ್ತರಲ್ಲೊಂದು ಭಾಗ, 224ಕ್ಕೆ 23 ಮಂದಿ. ಅಷ್ಟು ಜನ ಇಲ್ಲದಿದ್ದರೆ ಗಂಟೆ ಬಾರಿಸಿ ಕಾಯಬೇಕು. ಮಧ್ಯಾಹ್ನ ಊಟದ ನಂತರ ಆ ಗಂಟೆ ಬಾರಿಸುವುದು ಅಪರೂಪವೇನಲ್ಲ, ಹಿಂದುಳಿದ ತಾಲ್ಲೂಕುಗಳ ಚರ್ಚೆ ಹೆಚ್ಚಾಗಿ ಅದೇ ಹೊತ್ತಿಗೆ ಬೀಳುವುದು ನಮ್ಮ ಭಾಗಕ್ಕೆ ಆಗುತ್ತಿರುವ ನಷ್ಟ.

ಮತ ಎಣಿಕೆ ಸಾಮಾನ್ಯವಾಗಿ ಧ್ವನಿಮತದಲ್ಲೇ ಮುಗಿಯುತ್ತದೆ. ಯಾರಾದರೂ ಮತ ವಿಭಜನೆ ಕೇಳಿದರೆ ಸಾಲು ಸಾಲಾಗಿ ನಿಲ್ಲಿಸಿ ತಲೆ ಎಣಿಸುತ್ತಾರೆ. 2019ರ ಜುಲೈ 23ರ ವಿಶ್ವಾಸಮತದಲ್ಲಿ ಹಾಗೆ ಎಣಿಸಿಯೇ ಪರ 99, ವಿರೋಧ 105 ಎಂದು ಘೋಷಣೆಯಾಯಿತು.

ಬಜೆಟ್ ವಿಷಯದಲ್ಲಿ ಕೆಳಮನೆಯ ಮಾತೇ ಕಡೆಯದು. ಧನ ವಿಧೇಯಕವನ್ನು ವಿಧಾನ ಪರಿಷತ್ತು 14 ದಿನಗಳಲ್ಲಿ ಹಿಂದಿರುಗಿಸಬೇಕು, ಅದರ ಸಲಹೆಯನ್ನು ಒಪ್ಪುವುದು ಬಿಡುವುದು ವಿಧಾನಸಭೆಗೆ ಬಿಟ್ಟದ್ದು. ಉಳಿದ ವಿಧೇಯಕಗಳನ್ನು ಪರಿಷತ್ತು ಮೊದಲ ಸಲ 3 ತಿಂಗಳು, ಎರಡನೇ ಸಲ 1 ತಿಂಗಳು ತಡೆದಿಡಬಹುದು, ಅಷ್ಟೇ.

ಊರಿನವರಿಗೆ ನೇರವಾಗಿ ಬೇಕಾದದ್ದು ಮಾತ್ರ ಪ್ರಶ್ನೆ, ಸೂಚನೆ, ಸಮಿತಿ ಈ ಮೂರು. ಸದನದಲ್ಲಿ ಕೂಗಿದ್ದು ಮರುದಿನ ಪತ್ರಿಕೆಯಲ್ಲಿ ಬರಬಹುದು. ಬರೆದು ಕೊಟ್ಟದ್ದಕ್ಕೆ ಮಾತ್ರ ಇಲಾಖೆ ಬರೆದು ಉತ್ತರಿಸಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಂದ ಉತ್ತರ ಕೊಡುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ಅಂಕಿ ಅಂಶ ಬೇಕಾದವರಿಗೆ ಎರಡನೆಯದೇ ಹೆಚ್ಚು ಉಪಯೋಗ.

ಆ ಉತ್ತರದ ಹಾಳೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು ಅ, ಆ, ಇ ಎಂದು ಒಡೆದಿರುತ್ತಾರೆ. ‘ಅ) ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತರಿಗೆ ನೀರು ತಲುಪದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಬರೆದರೆ, ಎದುರಿಗೆ ‘ಬಂದಿರುವುದಿಲ್ಲ’ ಎಂದು ಒಂದೇ ಪದ ಬೀಳಬಹುದು. ಬಿದ್ದರೆ ಆ, ಇ, ಈ ಎಲ್ಲದರ ಎದುರೂ ‘ಉದ್ಭವಿಸುವುದಿಲ್ಲ’ ಎಂಬ ಉತ್ತರ ಸಾಲಾಗಿ ನಿಲ್ಲುತ್ತದೆ. ಮಾನ್ವಿ, ಸಿರವಾರ ಕಡೆಯ ಹೊಲಗಳ ನೋವೆಲ್ಲ ಆ ಒಂದು ಪದದಲ್ಲಿ ಮುಚ್ಚಿಹೋಗುತ್ತದೆ. ಅದರ ಬದಲು ‘ಇಂಥ ತಿಂಗಳ ಇಂಥ ದಿನದಿಂದ ಇಂಥ ದಿನದವರೆಗೆ 69ನೇ ಮೈಲಿನಲ್ಲಿ, 104ನೇ ಮೈಲಿನಲ್ಲಿ ದಿನವಹಿ ಗೇಜ್ (ನೀರಿನ ಮಟ್ಟ) ಎಷ್ಟಿತ್ತು? ನಿಗದಿಯಾದದ್ದು ಎಷ್ಟು?’ ಎಂದು ಕೇಳಿದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಲೆಕ್ಕದ ಪುಸ್ತಕ ತೆರೆಯಲೇಬೇಕು. ಶಾಸಕರಿಗೆ ಮನವಿ ಕೊಡುವ ರೈತ ಸಂಘದವರು ಉಪಕಾಲುವೆಯ ನಂಬರು, ಹಳ್ಳಿಯ ಹೆಸರು, ಕಾಮಗಾರಿಗೆ ಮಂಜೂರಾತಿ ಸಿಕ್ಕ ವರ್ಷ ಇವಿಷ್ಟನ್ನು ಬರೆದುಕೊಟ್ಟರೆ ಅರ್ಧ ಕೆಲಸ ಆದಂತೆ.

ಪ್ರಶ್ನೆ ತಿರಸ್ಕಾರವಾಗುವುದಕ್ಕೆ ಇನ್ನೊಂದು ಕಾರಣ, ಅದು ರಾಜ್ಯದ ಹೊಣೆಯೇ ಆಗಿರದಿರುವುದು. ತುಂಗಭದ್ರಾ ಜಲಾಶಯ ಇದಕ್ಕೆ ಒಳ್ಳೆಯ ಉದಾಹರಣೆ. ಬಳ್ಳಾರಿಯನ್ನು ಮೈಸೂರಿಗೆ ಸೇರಿಸಿದ 1953ರ ಆಂಧ್ರ ರಾಜ್ಯ ಕಾಯ್ದೆಯಡಿಯೇ ತುಂಗಭದ್ರಾ ಮಂಡಳಿಯೂ ರಚನೆಯಾಯಿತು, ಅದು ಅಂತರರಾಜ್ಯ ಮಂಡಳಿ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನಮ್ಮ ಜನ ಕೇಳಿದ ಮೊದಲ ಪ್ರಶ್ನೆ ಮಂಡಳಿಯ ನಿರ್ವಹಣೆಯದು. ಆದರೆ ರಾಜ್ಯದ ಸಚಿವರು ಉತ್ತರಿಸಲೇಬೇಕಾದದ್ದು ಮಂಡಳಿಯಲ್ಲಿ ರಾಜ್ಯದ ಪ್ರತಿನಿಧಿ ಏನು ಹೇಳಿದರು, ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಗೆ ಏನು ತೀರ್ಮಾನಿಸಿತು, ಕಾಲುವೆ ದುರಸ್ತಿಗೆ ಎಷ್ಟು ಕೊಟ್ಟರು ಎಂಬುದಕ್ಕೆ. ಹಾಗೆ ತಿರುಗಿಸಿ ಕೇಳಬೇಕು. ರೈಲು, ರಾಷ್ಟ್ರೀಯ ಹೆದ್ದಾರಿಗೂ ಇದೇ ಮಾತು. ನ್ಯಾಯಾಲಯದ ಮುಂದಿರುವ ಸಂಗತಿಯೂ ಸಾಮಾನ್ಯವಾಗಿ ಒಳಗೆ ಬರುವುದಿಲ್ಲ.

ತುರ್ತು ವಿಷಯಕ್ಕೆ ನಿಯಮ 60ರಡಿ ನಿಲುವಳಿ ಸೂಚನೆ ಇದೆ, ಉಳಿದ ಕಲಾಪವನ್ನು ಬದಿಗಿಟ್ಟು ಚರ್ಚಿಸಲು. ಸಭಾಧ್ಯಕ್ಷರು ಬಹಳ ಸಲ ಅದನ್ನು ನಿಯಮ 69ಕ್ಕೆ ಬದಲಿಸಿ ಕೊಡುತ್ತಾರೆ. ಆಗ ಚರ್ಚೆ ಸಿಗುತ್ತದೆ, ಆದರೆ ಸರ್ಕಾರದ ಮೇಲಿನ ಒತ್ತಡ ಇಳಿಯುತ್ತದೆ. ಒಂದು ಕ್ಷೇತ್ರದ ಒಂದು ಸಮಸ್ಯೆಗೆ ನಿಯಮ 73ರ ಗಮನ ಸೆಳೆಯುವ ಸೂಚನೆ ಸಾಕು. ಇವು ಯಾವುವೂ ಫಲಿಸದಿದ್ದಾಗ ಸಭಾಧ್ಯಕ್ಷರ ಪೀಠದ ಮುಂದಿನ ‘ಬಾವಿ’ಗಿಳಿಯುವುದು, ಧರಣಿ. 2010ರ ಜುಲೈನಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಮೇಲೆ ವಿರೋಧ ಪಕ್ಷದವರು ಸದನದಲ್ಲೇ ರಾತ್ರಿ ಕಳೆದರು. ಆಮೇಲೆ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಹೊರಟರು.

ಸಮಿತಿಗಳ ಕಡೆ ನಮ್ಮ ಭಾಗದವರ ಗಮನ ಇನ್ನೂ ಹರಿಯಬೇಕಿದೆ. ಸಚಿವರು ಸದನದಲ್ಲಿ ‘ಮುಂದಿನ ಹಂಗಾಮಿನೊಳಗೆ ಮಾಡಿಕೊಡುತ್ತೇವೆ’ ಎಂದರೆ ಅದು ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಗೆ ಸೇರಬಹುದು. ಸೇರಿದ ಮೇಲೆ ಇಲಾಖೆ ಏನು ಮಾಡಿತೆಂದು ಲೆಕ್ಕ ಒಪ್ಪಿಸಬೇಕು. ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರ ರಾಜ್ಯದವು, ಸಾರ್ವಜನಿಕ ಉದ್ಯಮಗಳ ಸಮಿತಿ ಅವುಗಳ ಲೆಕ್ಕ ಕೇಳಬಹುದು. ದೋಣಿಮಲೈನಲ್ಲಿ ಕಬ್ಬಿಣದ ಅದಿರು ತೆಗೆಯುವ ಎನ್‌ಎಂಡಿಸಿ ಕಂಪನಿ ಕೇಂದ್ರದ್ದು, ಅದನ್ನು ಕೇಳಲಾಗದು. ಮಹಾಲೇಖಪಾಲರ ವರದಿಯನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆ ರೂಢಿಯಂತೆ ವಿರೋಧ ಪಕ್ಷಕ್ಕೆ.

ಎಲ್ಲಕ್ಕಿಂತ ನಮ್ಮದೇ ಆದ ಒಂದು ಬಾಗಿಲು, ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ. 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ನೌಕರಿ, ಸೀಟುಗಳ ಮೀಸಲಾತಿ ಎಲ್ಲರಿಗೂ ಗೊತ್ತು. ಅದರಲ್ಲೇ ಇನ್ನೊಂದು ಸಾಲಿದೆ: ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ರಾಜ್ಯದ ವಿಧಾನಸಭೆಯ ಮುಂದಿಡಬೇಕು. ಸಂವಿಧಾನ ಇಲ್ಲಿ ಹೆಸರಿಸಿದ್ದು ವಿಧಾನಸಭೆಯನ್ನೇ. ವರದಿ ಬಂದ ದಿನ ಕಾರ್ಯಕಲಾಪ ಪಟ್ಟಿಯಲ್ಲಿ ಅದು ಒಂದು ಸಾಲು ಮಾತ್ರ. ಸಚಿವರು ಎದ್ದು ‘ಮಂಡಿಸುತ್ತೇನೆ’ ಎಂದು ಕೂತರೆ ಮುಗಿಯಿತು. ಚರ್ಚೆ ಬೇಕೆಂದು ಸದಸ್ಯರು ಬೇರೆ ಸೂಚನೆ ಕೊಡದಿದ್ದರೆ ಹಾಳೆ ಗ್ರಂಥಾಲಯ ಸೇರುತ್ತದೆ.

ಆ ಸೂಚನೆಗೆ ಸಹಿ ಹಾಕಬಲ್ಲವರು ಈ ಮೂರು ಜಿಲ್ಲೆಗಳಲ್ಲಿ 17 ಮಂದಿ. 2026ರ ನಂತರದ ಮೊದಲ ಜನಗಣತಿಯ ಅಂಕಿ ಬಂದ ಮೇಲೆ 224ರ ಲೆಕ್ಕವೂ ಕ್ಷೇತ್ರಗಳ ಗಡಿಯೂ ಮತ್ತೆ ಬದಲಾಗಬಹುದು. ಮರುವಿಂಗಡಣೆ ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. 2008ರಲ್ಲಿ ಕಲ್ಮಲಾ, ಕುರುಗೋಡು ಹೋದದ್ದೂ ಅದೇ ದಾರಿಯಲ್ಲಿ. ಯಾವ ಹಳ್ಳಿ ಯಾವ ಕ್ಷೇತ್ರಕ್ಕೆ ಬೀಳಬೇಕೆಂದು ನಕ್ಷೆ ಹಿಡಿದು ಬರೆದುಕೊಡಲು ಊರಿನವರಿಗೆ ಸಿಗುವ ಅವಕಾಶ ಆ ಕರಡಿನ ದಿನಗಳು ಮಾತ್ರ. ಆಯೋಗದ ಅಂತಿಮ ಆದೇಶ ಹೊರಬಿದ್ದ ಮೇಲೆ ಅದನ್ನು ತಿದ್ದುವ ಅಧಿಕಾರ ವಿಧಾನಸಭೆಗೂ ಇಲ್ಲ.