ಚಾವಣಿ ಕಂಡಿತು, ಯಾವ ವರ್ಷದ್ದು?

ಗೂಗಲ್ ಅರ್ಥ್ ತೆರೆದವರು ಮೊದಲು ಹುಡುಕುವುದು ಸ್ವಂತ ಮನೆಯ ಚಾವಣಿ. ಅದು ಸಿಕ್ಕ ಕೂಡಲೇ ಕೇಳುವ ಪ್ರಶ್ನೆ, ‘ಇದು ಲೈವಾ?’ ಲೈವ್ ಅಲ್ಲ, ಹಿಂದೆ ಯಾವಾಗಲೋ ತೆಗೆದ ಚಿತ್ರ. ಎಷ್ಟು ಸಲ ಹೇಳಿದರೂ ಈ ಗೊಂದಲ ಹೋಗಿಲ್ಲ. ಯಾಕೆ ಅಂತ ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬಾಹ್ಯಾಕಾಶದಿಂದ ಭೂಮಿಯ ಫೋಟೊ ತೆಗೆಯುವ ಕೆಲಸಕ್ಕೆ ಬೇಹುಗಾರಿಕೆಯೇ ದೊಡ್ಡ ತಳ್ಳು ಕೊಟ್ಟಿದ್ದು. 1960ರಿಂದ ಅಮೆರಿಕದ ಕರೋನಾ ಎಂಬ ಬೇಹುಗಾರಿಕೆ ಉಪಗ್ರಹಗಳು ಫಿಲ್ಮ್ ಸುರುಳಿಯನ್ನೇ ಕೆಳಗೆ ಬಿಡುತ್ತಿದ್ದವು. ಪ್ಯಾರಾಚೂಟಿನಲ್ಲಿ ಇಳಿಯುವ ಅದನ್ನು ವಿಮಾನ ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯುತ್ತಿತ್ತು. 1972ರ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ಸುಮಾರು 80 ಮೀಟರ್. ಊರು ಕಾಣುತ್ತಿತ್ತು, ಮನೆ ಕಾಣುತ್ತಿರಲಿಲ್ಲ. 1999ರಲ್ಲಿ ಹಾರಿದ ಇಕೋನೋಸ್ ಉಪಗ್ರಹ ಒಂದು ಮೀಟರಿನಷ್ಟು ಚಿಕ್ಕದನ್ನೂ ತೋರಿಸಿತು. ದುಡ್ಡು ಕೊಟ್ಟರೆ ಯಾರು ಬೇಕಾದರೂ ಕೊಳ್ಳಬಹುದಿತ್ತು.

ಚಿತ್ರವೇನೋ ಸಿಕ್ಕಿತು. ಅಷ್ಟು ದೊಡ್ಡ ಭೂಮಿಯನ್ನು ಮನೆಯ ಕಂಪ್ಯೂಟರಿನಲ್ಲಿ ತಿರುಗಿಸುವುದು ಹೇಗೆ? 2001ರಲ್ಲಿ ಕೀಹೋಲ್ ಎಂಬ ಕಂಪನಿ ಅರ್ಥ್‌ವ್ಯೂವರ್ ತಂದಿತು. ಇಂಥ ತಂತ್ರಾಂಶಗಳ ಉಪಾಯ ಕೇಳಲು ಸುಲಭ. ಚಿತ್ರವನ್ನು ಚೌಕ ಚೌಕವಾಗಿ ಕತ್ತರಿಸಿಡಬೇಕು. ಹತ್ತಿರ ಹೋದಂತೆ ಒಂದೊಂದು ಚೌಕದ ಜಾಗಕ್ಕೂ ಇನ್ನಷ್ಟು ಸ್ಪಷ್ಟವಾದ ನಾಲ್ಕು ಚೌಕ. ನೋಡುವವರ ಕಣ್ಣೆದುರು ಇರುವಷ್ಟನ್ನು ಮಾತ್ರ ಕಳಿಸಬೇಕು. ಜೂಮ್ ಮಾಡಿದಾಗ ಮೊದಲು ಮಂಜು ಮಂಜಾಗಿ ಕಂಡು ಆಮೇಲೆ ತಿಳಿಯಾಗುವುದು ಇದಕ್ಕೇ. 2003ರಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ನಂಟಿನ ಇನ್-ಕ್ಯೂ-ಟೆಲ್ ಎಂಬ ಹೂಡಿಕೆ ಸಂಸ್ಥೆ ಈ ಕಂಪನಿಗೆ ದುಡ್ಡು ಹಾಕಿತು. 2004ರಲ್ಲಿ ಗೂಗಲ್ ಕೊಂಡಿತು. 2005ರ ಜೂನಿನಲ್ಲಿ ಗೂಗಲ್ ಅರ್ಥ್ ಪುಕ್ಕಟೆಯಾಗಿ ಬಂತು. ನಾವು ಗುರುತು ಹಾಕಿದ ಜಾಗಗಳನ್ನು ಉಳಿಸುವ ಕೆಎಂಎಲ್ ಫೈಲಿನಲ್ಲಿ ‘ಕೆ’ ಅಂದರೆ ಈಗಲೂ ಕೀಹೋಲೇ.

ಆಮೇಲಿನ ನಾಲ್ಕೈದು ವರ್ಷ ಜನಕ್ಕೆ ಹುಚ್ಚು ಹಿಡಿದಂತಿತ್ತು. ಮೊಜಾಂಬಿಕ್‌ನ ಮಾಬು ಬೆಟ್ಟದ ದಟ್ಟ ಕಾಡು ವಿಜ್ಞಾನಿಗಳ ಕಣ್ಣಿಗೆ ಬಿದ್ದಿದ್ದು ಈ ಚಿತ್ರಗಳಲ್ಲೇ. ಈಜಿಪ್ಟ್ ಮರುಭೂಮಿಯಲ್ಲಿ ಉಲ್ಕೆ ಬಿದ್ದು ಆದ 45 ಮೀಟರ್ ಅಗಲದ ಕಮಿಲ್ ಕುಳಿ 2008ರಲ್ಲಿ ಹೀಗೇ ಸಿಕ್ಕಿತು. ಸರ್ಕಾರಗಳಿಗೆ ಮಾತ್ರ ದಿಗಿಲು. ರಾಷ್ಟ್ರಪತಿಯಾಗಿದ್ದ ಅಬ್ದುಲ್ ಕಲಾಂ 2005ರಲ್ಲೇ ಭದ್ರತೆಯ ಆತಂಕ ಹೇಳಿದ್ದರು. ಅಲ್ಲಲ್ಲಿ ಕೆಲವು ಜಾಗಗಳನ್ನು ಮಬ್ಬು ಮಾಡಿದ್ದೂ ಉಂಟು. ಮಬ್ಬು ಮಾಡಿದರೆ ಇಲ್ಲೇನೋ ಇದೆ ಅಂತ ಡಂಗುರ ಸಾರಿದಂತೆ, ಅಲ್ವಾ?

ಈ ಗಲಾಟೆಯಲ್ಲಿ ದಿನಾಂಕದ ವಿಷಯ ಮೂಲೆಗೆ ಬಿತ್ತು. ಒಂದೇ ಪರದೆಯಲ್ಲಿ ಎಡಗಡೆ ಬೇಸಿಗೆ, ಬಲಗಡೆ ಮಳೆಗಾಲ ಇರಬಹುದು. ಬೇರೆ ಬೇರೆ ವರ್ಷದ ತುಂಡುಗಳನ್ನು ಕೌದಿಯಂತೆ ಹೊಲಿದಿರುತ್ತಾರೆ. ನಗರಗಳ ತೀರಾ ಹತ್ತಿರದ ಚಿತ್ರಗಳಲ್ಲಿ ಎಷ್ಟೋ ಉಪಗ್ರಹದ್ದೇ ಅಲ್ಲ, ವಿಮಾನದಿಂದ ತೆಗೆದವು. ಉಪಗ್ರಹದ ಚಿತ್ರದಲ್ಲಿ ಹಾರುತ್ತಿರುವ ವಿಮಾನ ಕಂಡರೆ ಸುಮ್ನೆ ಜೂಮ್ ಮಾಡಿ ನೋಡಿ. ಪಕ್ಕದಲ್ಲೇ ಕೆಂಪು, ಹಸಿರು, ನೀಲಿ ನೆರಳುಗಳು ಕಾಣಬಹುದು. ಉಪಗ್ರಹ ಒಂದೊಂದು ಬಣ್ಣವನ್ನು ಕ್ಷಣದಷ್ಟು ಹಿಂದೆಮುಂದೆ ದಾಖಲಿಸುತ್ತದೆ. ಅಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದೆ. 2009ರ ಆವೃತ್ತಿಯಲ್ಲಿ ಹಳೆಯ ಚಿತ್ರಗಳನ್ನೂ ನೋಡುವ ಸೌಲಭ್ಯ ಬಂತು. ನನ್ನ ಮಟ್ಟಿಗೆ ಇಡೀ ತಂತ್ರಾಂಶದಲ್ಲಿ ಅದೇ ದೊಡ್ಡ ಉಪಕಾರ. ಚಿತ್ರ ತೆಗೆದ ದಿನವನ್ನು ಇನ್ನಷ್ಟು ದಪ್ಪ ಅಕ್ಷರದಲ್ಲಿ ತೋರಿಸಿದರೆ ಯಾರ ಗಂಟು ಹೋಗುತ್ತಿತ್ತೋ!

ನಕ್ಷೆಯ ತುಂಡುಗಳಲ್ಲೂ ಇದೇ ಪಾಡು. ಆಸ್ಟ್ರೇಲಿಯಾದ ಪೂರ್ವಕ್ಕಿರುವ ನ್ಯೂ ಕ್ಯಾಲೆಡೋನಿಯಾ ಹತ್ತಿರ ಕೋರಲ್ ಸಮುದ್ರದಲ್ಲಿ ಸ್ಯಾಂಡಿ ಐಲೆಂಡ್ ಎಂಬ ದ್ವೀಪ ನಕ್ಷೆಗಳಲ್ಲಿ ಇತ್ತು. ಗೂಗಲ್ ಅರ್ಥ್‌ನಲ್ಲೂ ಅದರ ಜಾಗದಲ್ಲಿ ಕಪ್ಪು ಮಚ್ಚೆ. 1876ರಲ್ಲಿ ಒಂದು ತಿಮಿಂಗಿಲ ಬೇಟೆಯ ಹಡಗು ಕೊಟ್ಟ ವರದಿ ಕಾಗದದ ನಕ್ಷೆಗೆ ಸೇರಿ, ಅಲ್ಲಿಂದ ಕಂಪ್ಯೂಟರಿಗೂ ಬಂದಿತ್ತು. ಪ್ರತಿಯೊಬ್ಬರೂ ಹಿಂದಿನವರನ್ನು ನಂಬಿದ್ದರು, ಅಷ್ಟೇ. 2012ರಲ್ಲಿ ಆಸ್ಟ್ರೇಲಿಯಾದ ಸಂಶೋಧನಾ ಹಡಗು ಅಲ್ಲಿಗೇ ಹೋಯಿತು. ದ್ವೀಪ ಇರಬೇಕಿದ್ದ ಕಡೆ ನೀರಿನ ಆಳ ಸುಮಾರು 1,400 ಮೀಟರ್.